ನೆತ್ತರಿನ ಕಾವಲುಗಾರರು

ಹಿಂದೆ ಹಳ್ಳಿಗಳಲ್ಲಿ ದೊಡ್ಡರೋಗವೆಂಬ ಹೆಸರು ಕಿವಿಗೆ ಬಿದ್ದರೆ ಸಾಕು, ರೈತರ ಎದೆ ನಡುಗುತ್ತಿತ್ತು. ಹಸು, ಎತ್ತು, ಎಮ್ಮೆಗಳಿಗೆ ತಗಲುತ್ತಿದ್ದ ಈ ಜಾಡ್ಯವು ಊರನ್ನು ಹೊಕ್ಕಿತೆಂದರೆ ಕೆಲವೇ ವಾರಗಳಲ್ಲಿ ಕೊಟ್ಟಿಗೆಗಳು ಬರಿದಾಗುತ್ತಿದ್ದವು. ಮೊದಲು ಜ್ವರ, ಅನಂತರ ಕಣ್ಣು ಮೂಗುಗಳಲ್ಲಿ ನೀರು ಮತ್ತು ಬಾಯಲ್ಲಿ ಹುಣ್ಣು, ಕೊನೆಗೆ ನಿಲ್ಲದ ಭೇದಿ. ಉಳುವ ಎತ್ತು ಸತ್ತರೆ ಹೊಲ ಬೀಳುಬೀಳುತ್ತಿತ್ತು. ಕರೆಯುವ ಹಸು ಸತ್ತರೆ ಮನೆಯ ಮಕ್ಕಳಿಗೆ ಹಾಲು ಇಲ್ಲವಾಗುತ್ತಿತ್ತು. 1890ರ ದಶಕದಲ್ಲಿ ಆಫ್ರಿಕಾ ಖಂಡದಲ್ಲಿ ಇದೇ ರೋಗವು ಹಬ್ಬಿ, ಅಲ್ಲಿನ ದನಗಳ ಬಹುಭಾಗವನ್ನು ನಾಶಮಾಡಿ, ದನಗಳನ್ನೇ ನಂಬಿದ್ದ ಜನರನ್ನು ಘೋರ ಕ್ಷಾಮಕ್ಕೆ ತಳ್ಳಿತು.

ಇಂತಹ ವಿಪತ್ತಿನ ನಡುವೆಯೂ ರೈತರು ಒಂದು ಸಂಗತಿಯನ್ನು ಕಂಡುಕೊಂಡಿದ್ದರು. ದೊಡ್ಡರೋಗಕ್ಕೆ ತುತ್ತಾಗಿಯೂ ಬದುಕಿ ಉಳಿದ ದನಕ್ಕೆ ಆ ರೋಗವು ಮತ್ತೆ ಬರುತ್ತಿರಲಿಲ್ಲ. ರೋಗದ ದನಗಳ ಮಗ್ಗುಲಲ್ಲಿಯೇ ಕಟ್ಟಿದರೂ ಅದು ನೆಮ್ಮದಿಯಿಂದ ಮೆಲುಕು ಹಾಕುತ್ತಿತ್ತು. ಮೊದಲ ಸಲ ಸಾವಿನ ಅಂಚಿಗೆ ಒಯ್ದ ರೋಗವು ಎರಡನೆಯ ಸಲ ಅದರ ಕೂದಲನ್ನೂ ಕೊಂಕಿಸದೆ ಹೋಗುವುದು ಹೇಗೆ? ರೋಗವನ್ನು ಗುರುತಿಟ್ಟುಕೊಳ್ಳುವ ಈ ನೆನಪು ದೇಹದಲ್ಲಿ ಎಲ್ಲಿ ಅಡಗಿರುತ್ತದೆ? ಈ ಪ್ರಶ್ನೆಗಳಿಗೆ ಉತ್ತರವು ದನದ ನೆತ್ತರಿನಲ್ಲಿಯೇ ಇದೆ.

ಹಸುವಿನ ನೆತ್ತರಿನ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ತೆಳುವಾಗಿ ಹರಡಿ, ಬಣ್ಣಹಾಕಿ, ಸೂಕ್ಷ್ಮದರ್ಶಕದ ಕೆಳಗೆ ನೋಡಿದರೆ ಎಲ್ಲೆಲ್ಲಿಯೂ ಕೆಂಪು ರಕ್ತಕಣಗಳೇ ಕಾಣುತ್ತವೆ. ಒಂದು ಘನ ಮಿಲಿಮೀಟರ್ ನೆತ್ತರಿನಲ್ಲಿ ಅವು 50 ಲಕ್ಷದಿಂದ ಒಂದು ಕೋಟಿಯವರೆಗೆ ಇರುತ್ತವೆ. ಅವುಗಳ ಮಧ್ಯೆ ಅಲ್ಲೊಂದು ಇಲ್ಲೊಂದು ನೇರಳೆ ಬಣ್ಣದ ಕೋಶಕೇಂದ್ರವುಳ್ಳ ಬಿಳಿಯ ಕಣಗಳು ಕಣ್ಣಿಗೆ ಬೀಳುತ್ತವೆ. ಅಷ್ಟೇ ನೆತ್ತರಿನಲ್ಲಿ ಇವುಗಳ ಸಂಖ್ಯೆ ಸುಮಾರು 4,000ದಿಂದ 12,000 ಮಾತ್ರ. ಆದರೆ ರೋಗದಿಂದ ದನವನ್ನು ಕಾಯುವ ಹೊಣೆಯೆಲ್ಲ ಅಲ್ಪಸಂಖ್ಯೆಯ ಈ ಬಿಳಿಯ ಕಣಗಳದೇ ಆಗಿದೆ.

ಬಿಳಿಯ ಕಣಗಳೆಲ್ಲ ಒಂದೇ ಬಗೆಯವಲ್ಲ. ಅವುಗಳಲ್ಲಿ ಕೆಲವು ಭಕ್ಷಕ ಕಣಗಳು. ಎದುರಿಗೆ ಸಿಕ್ಕ ರೋಗಾಣುವನ್ನು ಸುತ್ತುಗಟ್ಟಿ ನುಂಗಿ ಕರಗಿಸುವುದೇ ಅವುಗಳ ಕೆಲಸ. 1882ರಲ್ಲಿ ರಷ್ಯಾದ ವಿಜ್ಞಾನಿ ಮೆಚ್ನಿಕಾಫರು ಇಟಲಿಯ ಮೆಸ್ಸಿನಾ ನಗರದಲ್ಲಿದ್ದಾಗ, ನಕ್ಷತ್ರ ಮೀನಿನ ಪಾರದರ್ಶಕವಾದ ಮರಿಯ ಮೈಗೆ ಮುಳ್ಳನ್ನು ಚುಚ್ಚಿಟ್ಟರು. ಮರುದಿನ ನೋಡಿದಾಗ ಚಲಿಸುವ ಕಣಗಳು ಬಂದು ಮುಳ್ಳನ್ನು ಮುತ್ತಿಕೊಂಡಿದ್ದವು. ಭಕ್ಷಕ ಕಣಗಳ ಕಾರ್ಯವು ಹೀಗೆ ಬೆಳಕಿಗೆ ಬಂದಿತು. 1908ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕದ ಗೌರವ ದೊರೆಯಿತು. ಆದರೆ ಭಕ್ಷಕ ಕಣಗಳಿಗೆ ಒಂದು ರೋಗಾಣುವಿಗೂ ಇನ್ನೊಂದು ರೋಗಾಣುವಿಗೂ ಇರುವ ಸೂಕ್ಷ್ಮವಾದ ಭೇದ ತಿಳಿಯದು. ಜೀವಕೋಶದ ಒಳಗೇ ಹೊಕ್ಕು ಅವಿತುಕೊಳ್ಳುವ ವೈರಾಣುವು ಅವುಗಳ ಕೈಗೆ ಸುಲಭವಾಗಿ ಸಿಕ್ಕುವುದಿಲ್ಲ.

ಆ ಭೇದವನ್ನು ಬಲ್ಲವು ದುಗ್ಧಕಣಗಳು. ಲಿಂಫೋಸೈಟ್ ಎಂಬುದು ಇವುಗಳ ಶಾಸ್ತ್ರೀಯ ನಾಮ. ಆರೋಗ್ಯವಂತನಾದ ಮನುಷ್ಯನ ನೆತ್ತರಿನಲ್ಲಿ ಭಕ್ಷಕ ಕಣಗಳೇ ಹೆಚ್ಚು; ಬೆಳೆದ ದನದ ನೆತ್ತರಿನಲ್ಲಾದರೋ ದುಗ್ಧಕಣಗಳೇ ಹೆಚ್ಚು. ಇವುಗಳಲ್ಲಿ ಮುಖ್ಯವಾಗಿ ಎರಡು ಪಂಗಡಗಳಿವೆ. ಮೂಳೆಯ ಮಜ್ಜೆಯಲ್ಲಿ ಹುಟ್ಟಿ, ಕೊರಳು ಮತ್ತು ಎದೆಯ ಭಾಗದಲ್ಲಿರುವ ಥೈಮಸ್ ಗ್ರಂಥಿಯಲ್ಲಿ ಪಕ್ವವಾಗುವಂಥವು ಟಿ ಕಣಗಳು. ಬಿ ಕಣಗಳು ದನಗಳಲ್ಲಿಯೂ ಕುರಿಗಳಲ್ಲಿಯೂ ಬಹುಮಟ್ಟಿಗೆ ಸಣ್ಣಕರುಳಿನ ಕೊನೆಯ ಭಾಗದಲ್ಲಿರುವ ದುಗ್ಧ ಅಂಗಾಂಶದಲ್ಲಿ ಬೆಳೆಯುತ್ತವೆ. ದನದ ಜಾತಿಗೆ ಇನ್ನೊಂದು ವೈಶಿಷ್ಟ್ಯವುಂಟು. ಗಾಮಾ-ಡೆಲ್ಟಾ ಎಂಬ ಹೆಸರಿನ ಒಂದು ಬಗೆಯ ಟಿ ಕಣಗಳು ಮನುಷ್ಯನ ನೆತ್ತರಿನಲ್ಲಿ ತೀರ ವಿರಳ. ಎಳೆಗರುವಿನ ನೆತ್ತರಿನಲ್ಲಿ ಇವು ದುಗ್ಧಕಣಗಳ ಅರ್ಧಭಾಗದಷ್ಟು ಇರುವುದೂ ಉಂಟು. ಕರು ಬೆಳೆದಂತೆಲ್ಲ ಇವುಗಳ ಪ್ರಮಾಣ ಕಡಿಮೆಯಾಗುತ್ತದೆ.

ಪ್ರತಿಯೊಂದು ದುಗ್ಧಕಣದ ಮೇಲ್ಮೈಯಲ್ಲಿಯೂ ಒಂದು ನಿರ್ದಿಷ್ಟ ಆಕಾರದ ಗ್ರಾಹಕಗಳಿರುತ್ತವೆ. ಒಂದು ಬೀಗಕ್ಕೆ ಒಂದೇ ಕೀಲಿಕೈ ಹೊಂದುವಂತೆ, ಆ ಗ್ರಾಹಕಕ್ಕೆ ಹೊಂದುವ ವಸ್ತುವನ್ನು ಮಾತ್ರ ಆ ಕಣವು ಗುರುತಿಸಬಲ್ಲದು. ರೋಗಾಣುವಿನ ಇಂತಹ ಗುರುತಿನ ಭಾಗಕ್ಕೆ ಪ್ರತಿಜನಕವೆಂದು ಹೆಸರು. ದನದ ಮೈಯಲ್ಲಿ ಕೋಟ್ಯಂತರ ಬಗೆಯ ಗ್ರಾಹಕಗಳನ್ನು ಹೊತ್ತ ದುಗ್ಧಕಣಗಳಿವೆ. ಆದುದರಿಂದ ಯಾವ ಹೊಸ ರೋಗಾಣು ಬಂದರೂ ಅದನ್ನು ಗುರುತಿಸಬಲ್ಲ ಕಣಗಳು ಎಲ್ಲಿಯೋ ಇದ್ದೇ ಇರುತ್ತವೆ. ಆದರೆ ಅಂತಹವು ಲಕ್ಷಕ್ಕೆ ಒಂದೋ ಹತ್ತು ಲಕ್ಷಕ್ಕೆ ಒಂದೋ ಮಾತ್ರ. ಅಷ್ಟು ವಿರಳವಾದ ಕಣವು ರೋಗಾಣುವನ್ನು ಸಂಧಿಸಬೇಕು; ಸಂಧಿಸಿದ ಮೇಲೆ ತನ್ನಂತಹ ಸಾವಿರಾರು ಕಣಗಳನ್ನು ಹುಟ್ಟಿಸಬೇಕು. ಆಸ್ಟ್ರೇಲಿಯದ ವಿಜ್ಞಾನಿ ಬರ್ನೆಟ್ಟರು 1957ರಲ್ಲಿ ಮಂಡಿಸಿದ ಸಿದ್ಧಾಂತದ ತಿರುಳು ಇದೇ ಆಗಿದೆ. ರೋಗಾಣುವು ತನಗೆ ಹೊಂದುವ ಕಣವನ್ನು ಆರಿಸುತ್ತದೆ. ಆಯ್ಕೆಯಾದ ಕಣ ಮಾತ್ರ ವಂಶವನ್ನು ಬೆಳೆಸುತ್ತದೆ.

ಇಷ್ಟೊಂದು ಬಗೆಯ ಗ್ರಾಹಕಗಳಿರುವಾಗ ಕೆಲವು ಕಣಗಳು ದನದ ಸ್ವಂತ ದೇಹವನ್ನೇ ಪರಕೀಯವೆಂದು ಭಾವಿಸಿ ಅದರ ಮೇಲೆ ಬೀಳುವ ಅಪಾಯವಿಲ್ಲವೆ? ಉಂಟು. ಆದರೆ ಅಂತಹ ಕಣಗಳಲ್ಲಿ ಹೆಚ್ಚಿನವು ಪಕ್ವವಾಗುವ ಮೊದಲೇ ಅಳಿಸಲ್ಪಡುತ್ತವೆ. ತನ್ನದು ಯಾವುದು, ಪರರದು ಯಾವುದು ಎಂಬ ಪಾಠವನ್ನು ಕಣಗಳು ಎಳವೆಯಲ್ಲಿಯೇ ಕಲಿಯುತ್ತವೆ ಎಂಬುದಕ್ಕೆ ಮೊದಲ ಸುಳಿವು ದೊರೆತದ್ದು ಅವಳಿ ಕರುಗಳಿಂದ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ರೇ ಓವೆನ್ನರು ದನಗಳ ರಕ್ತದ ಗುಂಪುಗಳನ್ನು ಪರೀಕ್ಷಿಸುತ್ತಿದ್ದರು. ಒಂದು ಹಸುವು ಈದ ಅವಳಿಗಳ ತಂದೆಯರು ಬೇರೆ ಬೇರೆ ತಳಿಯ ಹೋರಿಗಳಾಗಿದ್ದವು. ಆದರೂ ಎರಡು ಕರುಗಳ ನೆತ್ತರೂ ಒಂದೇ ಗುಂಪಿನದೆಂದು ಕಂಡುಬಂದಿತು. ಗರ್ಭದಲ್ಲಿರುವಾಗ ಅವಳಿ ಕರುಗಳ ರಕ್ತನಾಳಗಳು ಒಂದಕ್ಕೊಂದು ಕೂಡಿಕೊಂಡು, ಒಂದರ ಕಣಗಳು ಇನ್ನೊಂದರ ಮೈಯಲ್ಲಿ ನೆಲೆಸಿ, ಜೀವಮಾನವೆಲ್ಲ ಅಲ್ಲಿಯೇ ಉಳಿಯುತ್ತವೆಂದು ಓವೆನ್ನರು 1945ರಲ್ಲಿ ಪ್ರಕಟಿಸಿದರು. ಹುಟ್ಟುವ ಮೊದಲೇ ಪರಿಚಯವಾದ ಆ ಪರಕೀಯ ಕಣಗಳನ್ನು ಕರುವಿನ ದೇಹವು ತನ್ನದೆಂದೇ ಒಪ್ಪಿಕೊಂಡಿತ್ತು. ಮುಂದೆ ಇಂಗ್ಲೆಂಡಿನ ಮೆಡವಾರ್ ಮತ್ತು ಅವರ ಸಂಗಡಿಗರು ಅವಳಿ ಕರುಗಳ ನಡುವೆ ಚರ್ಮದ ಕಸಿಮಾಡಿ ನೋಡಿದಾಗ, ಸಾಮಾನ್ಯವಾಗಿ ಉದುರಿಹೋಗಬೇಕಾದ ಕಸಿಯು ಹಿಡಿದು ನಿಂತಿತು. 1960ರಲ್ಲಿ ಬರ್ನೆಟ್ ಮತ್ತು ಮೆಡವಾರರು ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು.

ಇನ್ನು ರೋಗಾಣುವೂ ಅದಕ್ಕೆ ಹೊಂದುವ ವಿರಳವಾದ ಕಣವೂ ಸಂಧಿಸುವ ಬಗೆಯನ್ನು ನೋಡಬಹುದು. ದುಗ್ಧಕಣಗಳು ನೆತ್ತರಿನಲ್ಲಿಯೇ ನಿಲ್ಲುವುದಿಲ್ಲ. ಅವು ನೆತ್ತರಿನಿಂದ ದುಗ್ಧಗ್ರಂಥಿಗಳಿಗೆ ಇಳಿದು, ಅಲ್ಲಿ ಕೆಲವು ಗಂಟೆಗಳ ಕಾಲ ತಂಗಿ, ದುಗ್ಧನಾಳಗಳ ಮೂಲಕ ಮತ್ತೆ ನೆತ್ತರಿಗೆ ಬಂದು ಸೇರುತ್ತವೆ. ಈ ಸಂಚಾರವು ಹಗಲಿರುಳೂ ನಡೆದೇ ಇರುತ್ತದೆ. ಅತ್ತ ಚರ್ಮದಲ್ಲಿಯೂ ಉಸಿರಿನ ದಾರಿಯಲ್ಲಿಯೂ ಶಾಖೆಗಳನ್ನು ಚಾಚಿಕೊಂಡಿರುವ ಶಾಖಾಕಣಗಳೆಂಬ ಕಣಗಳಿವೆ. ರೋಗಾಣುವನ್ನು ಹಿಡಿದು ತುಂಡರಿಸಿ, ಆ ತುಂಡುಗಳನ್ನು ತಮ್ಮ ಮೇಲ್ಮೈಯಲ್ಲಿ ಹೊತ್ತುಕೊಂಡು ಇವು ಸಮೀಪದ ದುಗ್ಧಗ್ರಂಥಿಗೆ ನಡೆಯುತ್ತವೆ. ಸಂತೆಯಲ್ಲಿ ಮಾರುವವನೂ ಕೊಳ್ಳುವವನೂ ಒಂದೆಡೆ ಕೂಡುವಂತೆ, ಸುದ್ದಿಯನ್ನು ತಂದ ಶಾಖಾಕಣವೂ ಅದಕ್ಕಾಗಿ ಅಲೆಯುತ್ತಿರುವ ಟಿ ಕಣವೂ ಅಲ್ಲಿ ಕೂಡುತ್ತವೆ. ಕೆನಡಾದಲ್ಲಿ ಹುಟ್ಟಿದ ವಿಜ್ಞಾನಿ ರಾಲ್ಫ್ ಸ್ಟೈನ್‌ಮನ್ನರು ಈ ಶಾಖಾಕಣಗಳನ್ನು 1973ರಲ್ಲಿ ಗುರುತಿಸಿದರು.

ಟಿ ಕಣವು ತುಂಡನ್ನು ಗುರುತಿಸಿದ ಮಾತ್ರಕ್ಕೆ ಕೆಲಸಕ್ಕೆ ತೊಡಗುವುದಿಲ್ಲ. ಶಾಖಾಕಣವು ಎರಡನೆಯ ಸಂಕೇತವನ್ನೂ ಕೊಡಬೇಕು. ಇದು ನಿಜವಾಗಿಯೂ ಅಪಾಯಕಾರಿಯಾದ ವಸ್ತುವೆಂಬುದಕ್ಕೆ ಆ ಸಂಕೇತವೇ ಸಾಕ್ಷಿ. ಒಂದೇ ಸಂಕೇತ ದೊರೆತ ಟಿ ಕಣವು ಸಾಮಾನ್ಯವಾಗಿ ಜಡವಾಗಿ ಉಳಿಯುತ್ತದೆ. ಎರಡೂ ದೊರೆತಾಗ ಅದು ಹಿಗ್ಗಿ ದೊಡ್ಡದಾಗುತ್ತದೆ. ಇಂಟರ್‌ಲ್ಯೂಕಿನ್ ಎಂಬ ರಾಸಾಯನಿಕ ಸಂದೇಶವಾಹಕಗಳನ್ನು ಸ್ರವಿಸುತ್ತದೆ. ಇವುಗಳಲ್ಲಿ ಒಂದು ಸ್ವತಃ ಟಿ ಕಣಗಳನ್ನೇ ವಿಭಜನೆಗೆ ಪ್ರಚೋದಿಸುತ್ತದೆ.

ಈಗ ವೃದ್ಧಿಯು ಆರಂಭವಾಗುತ್ತದೆ. ಒಂದು ಕಣ ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ, ನಾಲ್ಕು ಎಂಟಾಗುತ್ತದೆ. ಹನ್ನೆರಡು ಗಂಟೆಗೊಮ್ಮೆ ವಿಭಜನೆಯಾಗುವುದೆಂದು ಲೆಕ್ಕ ಹಿಡಿದರೆ ಐದು ದಿನಗಳಲ್ಲಿ ಒಂದು ಕಣದಿಂದ 1,024 ಕಣಗಳೂ ಏಳು ದಿನಗಳಲ್ಲಿ 16,384 ಕಣಗಳೂ ಆಗುತ್ತವೆ. ರೋಗದ ಸಮಯದಲ್ಲಿ ದುಗ್ಧಗ್ರಂಥಿಗಳು ಊದಿಕೊಳ್ಳಲು ಈ ವೃದ್ಧಿಯೇ ಒಂದು ಮುಖ್ಯ ಕಾರಣ. ಪಶುವೈದ್ಯರು ದನದ ಹೆಗಲಿನ ಮುಂದೆ ಕೈಯಿಟ್ಟು ಗ್ರಂಥಿಯನ್ನು ಹಿಸುಕಿ ನೋಡುವುದು ಇದಕ್ಕಾಗಿಯೇ.

ಹೀಗೆ ವೃದ್ಧಿಹೊಂದಿದ ಟಿ ಕಣಗಳು ಕೆಲಸವನ್ನು ಹಂಚಿಕೊಳ್ಳುತ್ತವೆ. ಕೆಲವು ಘಾತಕ ಕಣಗಳಾಗಿ, ವೈರಾಣು ಹೊಕ್ಕಿರುವ ಜೀವಕೋಶಗಳನ್ನು ಹುಡುಕಿ ಕೊಲ್ಲುತ್ತವೆ. ಘಾತಕ ಕಣವು ವೈರಾಣುವಿನ ತುಂಡನ್ನು ಸ್ವಂತ ದೇಹದ ಗುರುತಿನೊಂದಿಗೆ ಜೊತೆಗೂಡಿಸಿ ನೋಡಿದಾಗಲೇ ಗುರುತಿಸುತ್ತದೆಂಬುದನ್ನು ಪೀಟರ್ ಡೊಹರ್ಟಿ ಮತ್ತು ರೋಲ್ಫ್ ಜಿಂಕರ್‌ನಾಗೆಲ್ ತೋರಿಸಿಕೊಟ್ಟರು. 1996ರಲ್ಲಿ ಇವರಿಬ್ಬರಿಗೂ ನೊಬೆಲ್ ಪಾರಿತೋಷಕವು ಸಂದಿತು. ಇವರಲ್ಲಿ ಡೊಹರ್ಟಿಯವರು ಪಶುವೈದ್ಯಕೀಯ ಪದವೀಧರರೆಂಬುದು ಗಮನಾರ್ಹ. ಇನ್ನು ಕೆಲವು ಟಿ ಕಣಗಳು ಸಹಾಯಕ ಕಣಗಳಾಗಿ ಬಿ ಕಣಗಳ ನೆರವಿಗೆ ಬರುತ್ತವೆ. ಅದೇ ರೋಗಾಣುವನ್ನು ಗುರುತಿಸಿದ ಬಿ ಕಣವು ಸಹಾಯಕ ಕಣದ ಸಮ್ಮತಿ ದೊರೆತೊಡನೆ ತಾನೂ ವಿಭಜನೆಹೊಂದಿ, ಪ್ರತಿಕಾಯಗಳನ್ನು ತಯಾರಿಸುವ ಕಣವಾಗಿ ಮಾರ್ಪಡುತ್ತದೆ. ಅಂತಹ ಒಂದೊಂದು ಕಣವೂ ಸೆಕೆಂಡಿಗೆ ಸಾವಿರಾರು ಪ್ರತಿಕಾಯಗಳನ್ನು ನೆತ್ತರಿಗೆ ಬಿಡಬಲ್ಲದು. ಅವು ವೈರಾಣುವಿಗೆ ಅಂಟಿಕೊಂಡು, ಅದು ಹೊಸ ಕೋಶವನ್ನು ಹೊಗದಂತೆ ತಡೆಯುತ್ತವೆ.

ಕಣಗಳ ಈ ಪರಸ್ಪರ ವ್ಯವಹಾರವನ್ನು ಪ್ರಯೋಗಶಾಲೆಯಲ್ಲಿ ಕಣ್ಣಾರೆ ಕಾಣಬಹುದು. 1960ರಲ್ಲಿ ಅಮೆರಿಕದ ಪೀಟರ್ ನೋವೆಲ್ಲರು ಮನುಷ್ಯನ ನೆತ್ತರಿನ ಕೆಂಪು ಕಣಗಳನ್ನು ಬೇರ್ಪಡಿಸಲು ಬೀನ್ಸ್ ಜಾತಿಯ ಕಾಳಿನ ಸಾರವೊಂದನ್ನು ಬಳಸುತ್ತಿದ್ದಾಗ, ಅದರಿಂದ ದುಗ್ಧಕಣಗಳು ವಿಭಜನೆ ಹೊಂದುತ್ತಿರುವುದನ್ನು ಕಂಡರು. ಅಲ್ಲಿಯವರೆಗೆ ದುಗ್ಧಕಣವು ಇನ್ನು ಬೆಳೆಯಲಾರದ ಮುದಿ ಕಣವೆಂದೇ ಅನೇಕರು ನಂಬಿದ್ದರು. ದನದ ನೆತ್ತರಿನಿಂದ ಬೇರ್ಪಡಿಸಿದ ದುಗ್ಧಕಣಗಳೂ ಈ ಸಾರಕ್ಕೆ ಹಾಗೆಯೇ ಓಗೊಡುತ್ತವೆ. ಕಾಳಿನ ಸಾರವು ಬಹುತೇಕ ಎಲ್ಲ ಟಿ ಕಣಗಳನ್ನೂ ಎಬ್ಬಿಸುತ್ತದೆ. ಅದರ ಬದಲು ಒಂದು ರೋಗಾಣುವಿನ ಪ್ರತಿಜನಕವನ್ನು ಹಾಕಿದರೆ, ಮೊದಲೇ ಆ ರೋಗವನ್ನು ಕಂಡ ಅಥವಾ ಲಸಿಕೆ ಪಡೆದ ದನದ ಕಣಗಳು ಮಾತ್ರ ಚೆನ್ನಾಗಿ ವೃದ್ಧಿಹೊಂದುತ್ತವೆ. ಪ್ರತಿಜನಕವನ್ನು ತೋರಿಸುವ ಕಣಗಳನ್ನು ಮಿಶ್ರಣದಿಂದ ತೆಗೆದುಬಿಟ್ಟರೆ ಆ ವೃದ್ಧಿಯೂ ಕುಗ್ಗುತ್ತದೆ. ದುಗ್ಧಕಣವು ಒಂಟಿಯಾಗಿ ಕಾದಲಾರದು ಎಂಬುದಕ್ಕೆ ಇದೇ ನಿದರ್ಶನ.

ರೋಗಾಣು ನಾಶವಾದ ಮೇಲೆ ಇಷ್ಟೊಂದು ಕಣಗಳ ಅಗತ್ಯವಿರುವುದಿಲ್ಲ. ಅವುಗಳಲ್ಲಿ ಹೆಚ್ಚಿನವು ಕೆಲವು ವಾರಗಳಲ್ಲಿ ಸಾಯುತ್ತವೆ. ಆದರೆ ಒಂದು ಸಣ್ಣ ಪಾಲು ಸ್ಮೃತಿಕಣಗಳಾಗಿ ಉಳಿಯುತ್ತದೆ. ಮೊದಲು ಲಕ್ಷಕ್ಕೆ ಒಂದರಂತೆ ವಿರಳವಾಗಿದ್ದ ಕಣಗಳ ಸಂಖ್ಯೆ ಈಗ ಹಲವು ಪಟ್ಟು ಹೆಚ್ಚಿರುತ್ತದೆ; ಅವು ಬೇಗನೆ ಎಚ್ಚರಗೊಳ್ಳುತ್ತವೆ. ಆದುದರಿಂದ ಅದೇ ರೋಗಾಣು ಮತ್ತೆ ಬಂದಾಗ ದೇಹವು ಒಂದು ವಾರ ಕಾಯಬೇಕಾಗಿಲ್ಲ. ರೈತರು ಕಂಡಿದ್ದ ಅಚ್ಚರಿಯ ಗುಟ್ಟು ಈ ಸ್ಮೃತಿಕಣಗಳಲ್ಲಿಯೂ, ಮಜ್ಜೆಯಲ್ಲಿ ಉಳಿದು ವರ್ಷಗಟ್ಟಲೆ ಪ್ರತಿಕಾಯಗಳನ್ನು ತಯಾರಿಸುವ ಕಣಗಳಲ್ಲಿಯೂ ಅಡಗಿತ್ತು.

ಹಾಗಾದರೆ ಮೊದಲ ಸಲವೇ ದನವು ಏಕೆ ಸಾಯುತ್ತಿತ್ತು? ಅದಕ್ಕೆ ಬೇಕಾದ ಸಮಯವು ದೊರೆಯುತ್ತಿರಲಿಲ್ಲ. ದೊಡ್ಡರೋಗದ ವೈರಾಣುವು ಮನುಷ್ಯನ ದಡಾರದ ವೈರಾಣುವಿನ ಹತ್ತಿರದ ಬಂಧು. ಅದು ದುಗ್ಧಕಣಗಳನ್ನೇ ಹೊಕ್ಕು ಅವುಗಳನ್ನು ನಾಶಮಾಡುತ್ತಿತ್ತು. ಕಾವಲುಗಾರರು ಸಂಖ್ಯೆಯನ್ನು ಹೆಚ್ಚಿಸಿಕೊಳ್ಳುವ ಮೊದಲೇ ಕಾವಲುಗಾರರೇ ಬಲಿಯಾಗುತ್ತಿದ್ದರು.

ಇನ್ನೊಂದು ಪರೋಪಜೀವಿಯು ಬೇರೆ ಉಪಾಯವನ್ನು ಹೂಡುತ್ತದೆ. ಉಣ್ಣೆಗಳು ಕಚ್ಚುವುದರಿಂದ ಹರಡುವ ಥೈಲೀರಿಯಾ ರೋಗವು ಮಿಶ್ರತಳಿಯ ಹಸುಗಳಿಗೆ ಬಹಳ ಅಪಾಯಕಾರಿ. ಈ ಪರೋಪಜೀವಿಯು ಬಿಳಿಯ ಕಣವನ್ನು ಹೊಕ್ಕು ಅದನ್ನು ಕೊಲ್ಲುವುದಿಲ್ಲ. ಎಡೆಬಿಡದೆ ವಿಭಜನೆ ಹೊಂದುವಂತೆ ಮಾಡುತ್ತದೆ. ಕಣವು ಎರಡಾದಾಗ ತಾನೂ ಎರಡಾಗಿ ಎರಡು ಮರಿಕಣಗಳಲ್ಲಿಯೂ ನೆಲೆಸುತ್ತದೆ. ಔಷಧದಿಂದ ಪರೋಪಜೀವಿಯನ್ನು ಕೊಂದರೆ ಕಣಗಳ ವೃದ್ಧಿಯೂ ನಿಲ್ಲುತ್ತದೆ. ಪ್ರಚೋದನೆ ಹೇಗೆ ಅಗತ್ಯವೋ ಹಾಗೆಯೇ ತಡೆಯೂ ಅಗತ್ಯವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆಗತಾನೆ ಹುಟ್ಟಿದ ಕರುವಿಗಂತೂ ಸಮಯದ ಅಭಾವವು ಇನ್ನೂ ಹೆಚ್ಚು. ಹಸುವಿನ ಗರ್ಭದ ಮಾಸು ತಾಯಿಯ ಪ್ರತಿಕಾಯಗಳನ್ನು ಕರುವಿಗೆ ಬಿಟ್ಟುಕೊಡುವುದಿಲ್ಲ. ಕರುವು ಬಹುಮಟ್ಟಿಗೆ ಪ್ರತಿಕಾಯಗಳಿಲ್ಲದೆಯೇ ಭೂಮಿಗೆ ಬೀಳುತ್ತದೆ. ಅದರ ಸ್ವಂತ ಕಣಗಳು ವೃದ್ಧಿಹೊಂದಿ ರಕ್ಷಣೆ ನೀಡಲು ಕಾಲ ಬೇಕು. ಈ ಕೊರತೆಯನ್ನು ತುಂಬುವುದು ಗಿಣ್ಣುಹಾಲು. ಅದರಲ್ಲಿ ತಾಯಿಯ ಪ್ರತಿಕಾಯಗಳು ಹೇರಳವಾಗಿರುತ್ತವೆ. ತಾಯಿಯ ದುಗ್ಧಕಣಗಳೂ ಇರುತ್ತವೆ. ಆದರೆ ಪ್ರತಿಕಾಯಗಳನ್ನು ಇಡಿಯಾಗಿ ಹೀರಿಕೊಳ್ಳುವ ಶಕ್ತಿ ಕರುವಿನ ಕರುಳಿಗೆ ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲಿ ಹೆಚ್ಚಾಗಿದ್ದು, ಸುಮಾರು 24 ಗಂಟೆಗಳಲ್ಲಿ ಮುಗಿದುಹೋಗುತ್ತದೆ. ಮಾಸು ಬೀಳಲೆಂದು ಕಾಯುತ್ತ ಕರುವಿಗೆ ಗಿಣ್ಣುಹಾಲನ್ನು ತಡಮಾಡಿ ಕುಡಿಸುವುದರಿಂದಲೂ, ಅದನ್ನೆಲ್ಲ ಮನೆಯ ಸಿಹಿಗೆ ಬಳಸುವುದರಿಂದಲೂ ಎಷ್ಟೋ ಕರುಗಳು ಪ್ರಾಣವನ್ನು ಕಳೆದುಕೊಳ್ಳುತ್ತವೆ. ಕರುವಿನ ಪಾಲು ಮೊದಲು ಕರುವಿಗೇ ಸಲ್ಲಬೇಕು.

ಆದರೆ ಗಿಣ್ಣುಹಾಲಿನಿಂದ ಬಂದ ರಕ್ಷಣೆಯು ಎರವಲು ತಂದದ್ದು. ಕೆಲವು ತಿಂಗಳುಗಳಲ್ಲಿ ಅದು ಕರಗಿಹೋಗುತ್ತದೆ. ದೊಡ್ಡರೋಗಕ್ಕೆ ಹಿಂದೆ ಕೊಡುತ್ತಿದ್ದ ಸೀರಂ ಚುಚ್ಚುಮದ್ದೂ ಇದೇ ಬಗೆಯದು. ರೋಗದಿಂದ ಪಾರಾದ ದನದ ಸೀರಂನಲ್ಲಿರುವ ಪ್ರತಿಕಾಯಗಳನ್ನು ಇತರ ದನಗಳಿಗೆ ಚುಚ್ಚಲಾಗುತ್ತಿತ್ತು. ಹಿಮಾಲಯದ ಮುಕ್ತೇಶ್ವರದ ಪ್ರಯೋಗಾಲಯದಲ್ಲಿ ಇಂತಹ ಸೀರಂ ತಯಾರಾಗುತ್ತಿತ್ತು. 1920ರ ದಶಕದಲ್ಲಿ ಮೈಸೂರು ಸಂಸ್ಥಾನವೂ ಬೆಂಗಳೂರಿನಲ್ಲಿ ಒಂದು ಸೀರಂ ಸಂಸ್ಥೆಯನ್ನು ಸ್ಥಾಪಿಸಿತು. ಸೀರಂ ಆ ಹೊತ್ತಿಗೆ ಪ್ರಾಣವನ್ನು ಉಳಿಸುತ್ತಿತ್ತು; ಆದರೆ ದನದ ಸ್ವಂತ ಕಣಗಳಿಗೆ ಏನನ್ನೂ ಕಲಿಸುತ್ತಿರಲಿಲ್ಲ.

ಕಲಿಸುವ ಕೆಲಸವನ್ನು ಮಾಡುವುದು ಲಸಿಕೆ. ಬಲಗುಂದಿಸಿದ ಅಥವಾ ಸತ್ತ ರೋಗಾಣುವನ್ನು ಮೊದಲೇ ಪರಿಚಯಿಸಿದರೆ, ಭೇಟಿ, ಸಮ್ಮತಿ, ವೃದ್ಧಿ, ಸ್ಮೃತಿ ಎಂಬ ನಾಲ್ಕು ಹಂತಗಳೂ ನಿಜವಾದ ರೋಗ ಬರುವ ಮುನ್ನವೇ ಮುಗಿದಿರುತ್ತವೆ. 1920ರ ದಶಕದ ಕೊನೆಯಲ್ಲಿ ಮುಕ್ತೇಶ್ವರದಲ್ಲಿ ಎಡ್ವರ್ಡ್ಸ್ ಎಂಬುವರು ದೊಡ್ಡರೋಗದ ವೈರಾಣುವನ್ನು ಆಡುಗಳಲ್ಲಿ ಮತ್ತೆ ಮತ್ತೆ ಬೆಳೆಸಿ ಬಲಗುಂದಿಸಿ ಲಸಿಕೆಯನ್ನು ಮಾಡಿದರು. 1954ರಲ್ಲಿ ಭಾರತದಲ್ಲಿ ರಾಷ್ಟ್ರೀಯ ದೊಡ್ಡರೋಗ ನಿರ್ಮೂಲನ ಕಾರ್ಯಕ್ರಮವು ಆರಂಭವಾಯಿತು. ಅನಂತರ ಕೀನ್ಯಾದಲ್ಲಿ ವಾಲ್ಟರ್ ಪ್ಲೋರೈಟ್ ಎಂಬ ಪಶುವೈದ್ಯ ವಿಜ್ಞಾನಿ ವೈರಾಣುವನ್ನು ಕರುವಿನ ಮೂತ್ರಪಿಂಡದ ಕೋಶಗಳಲ್ಲಿ ಸುಮಾರು ತೊಂಬತ್ತು ಬಾರಿ ಬೆಳೆಸಿ, ಇನ್ನೂ ನಿರಪಾಯವಾದ ಲಸಿಕೆಯನ್ನು ಸಿದ್ಧಪಡಿಸಿದರು. ಅದು ದನಕ್ಕೆ ದೀರ್ಘಕಾಲದ ರಕ್ಷಣೆಯನ್ನು ಕೊಡುತ್ತಿತ್ತು. ಭಾರತದಲ್ಲಿ ದೊಡ್ಡರೋಗವು ಕೊನೆಯದಾಗಿ ಕಂಡುಬಂದದ್ದು 1995ರಲ್ಲಿ. 2011ರಲ್ಲಿ ಇಡೀ ಜಗತ್ತು ಆ ರೋಗದಿಂದ ಮುಕ್ತವಾಯಿತೆಂದು ಸಾರಲಾಯಿತು. ಮನುಷ್ಯಪ್ರಯತ್ನದಿಂದ ಭೂಮಿಯ ಮೇಲಿಂದ ಅಳಿಸಿಹೋದ ಪಶುರೋಗಗಳಲ್ಲಿ ಅದೇ ಮೊದಲನೆಯದು.

ಎಲ್ಲ ರೋಗಗಳೂ ಅಷ್ಟು ಸುಲಭವಾಗಿ ಮಣಿಯುವುದಿಲ್ಲ. ಕಾಲುಬಾಯಿ ರೋಗದ ವೈರಾಣುವಿನಲ್ಲಿ ಹಲವು ಬಗೆಗಳಿವೆ. ಒಂದನ್ನು ಕಲಿತ ಕಣವು ಇನ್ನೊಂದನ್ನು ಗುರುತಿಸಲಾರದು. ಆ ಲಸಿಕೆಯಿಂದ ಬರುವ ರಕ್ಷಣೆಯೂ ಬಹುಕಾಲ ನಿಲ್ಲದು. ಆದುದರಿಂದಲೇ ಭಾರತದಲ್ಲಿ ಮೂರು ಬಗೆಯ ವೈರಾಣುಗಳನ್ನು ಕೂಡಿಸಿದ ಲಸಿಕೆಯನ್ನು ಆರು ತಿಂಗಳಿಗೊಮ್ಮೆ ಹಾಕಿಸಬೇಕಾಗಿದೆ. ತೀರ ಎಳೆಯ ಕರುವಿಗೆ ಲಸಿಕೆ ಹಾಕಿದರೆ ತಾಯಿಯಿಂದ ಬಂದ ಪ್ರತಿಕಾಯಗಳೇ ಅದನ್ನು ಹಿಡಿದುಬಿಡುತ್ತವೆ. ಕರುವಿನ ಕಣಗಳಿಗೆ ಪಾಠ ಮುಟ್ಟುವುದಿಲ್ಲ. ಲಸಿಕೆಗೆ ವಯಸ್ಸನ್ನು ಗೊತ್ತುಮಾಡಿರುವುದು ಈ ಕಾರಣದಿಂದ. ಮೇವಿಲ್ಲದೆ ಸೊರಗಿದ ದನದಲ್ಲಿಯೂ ಕರು ಹಾಕುವ ದಿನಗಳ ಆಸುಪಾಸಿನಲ್ಲಿಯೂ ದುಗ್ಧಕಣಗಳ ವೃದ್ಧಿಶಕ್ತಿ ಕುಂದುತ್ತದೆ. ಆಗತಾನೆ ಈದ ಹಸುವಿಗೆ ಕೆಚ್ಚಲು ಬಾವು ಸುಲಭವಾಗಿ ತಗಲುವುದಕ್ಕೆ ಇದೂ ಒಂದು ಕಾರಣ. ಒಳ್ಳೆಯ ಮೇವು, ಶುಚಿಯಾದ ಕೊಟ್ಟಿಗೆ, ಹೊತ್ತಿಗೆ ಸರಿಯಾಗಿ ಗಿಣ್ಣುಹಾಲು ಮತ್ತು ಲಸಿಕೆ ಇವುಗಳನ್ನು ಒದಗಿಸಿದರೆ ಉಳಿದ ಕೆಲಸವನ್ನು ನೆತ್ತರಿನ ಕಾವಲುಗಾರರು ತಾವೇ ಮಾಡಿಕೊಳ್ಳುತ್ತಾರೆ. ಅವರಿಗೆ ಬೇಕಾದುದು ಒಂದು ವಾರದ ಕಾಲಾವಕಾಶ. ರೋಗ ಬರುವ ಮೊದಲೇ ಆ ವಾರವನ್ನು ಒದಗಿಸಿಕೊಡುವುದು ದನವನ್ನು ಸಾಕುವವರ ಹೊಣೆಯಾಗಿದೆ.